ದಾನಚಿಂತಾಮಣಿ ಅತ್ತಿಮಬ್ಬೆಯ ವ್ರತಜೀವನ

ಗೃಹಸ್ಥರಿಗೆ ವಿಹಿತವಾದ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು. ಈ ಶಿಕ್ಷಾವ್ರತಗಳಲ್ಲಿ ಪ್ರೋಷಧೋಪವಾಸವೂ ಅತಿಥಿಸಂವಿಭಾಗವೂ ಸೇರಿವೆ. ಮೊದಲನೆಯದು ಪರ್ವದಿನಗಳಲ್ಲಿ ತಾನು ಆಹಾರವನ್ನು ತ್ಯಜಿಸುವ ವ್ರತ. ಎರಡನೆಯದು ತನ್ನ ಪಾಲಿನದರಲ್ಲಿ ಸತ್ಪಾತ್ರರಿಗೆ ಭಾಗವನ್ನು ಕೊಡುವ ವ್ರತ. ಅಷ್ಟಮಿ ಚತುರ್ದಶಿಗಳಂದು ಉಪವಾಸವಿದ್ದ ಶ್ರಾವಕನು ಮರುದಿನ ಪಾರಣೆಗೆ ಕುಳಿತುಕೊಳ್ಳುವ ಮುನ್ನ ಬಾಗಿಲಲ್ಲಿ ನಿಂತು ಅತಿಥಿಯನ್ನು ನಿರೀಕ್ಷಿಸಬೇಕೆಂಬುದು ಹಿರಿಯರ ಪದ್ಧತಿ. ಉಪವಾಸವು ದಾನದಲ್ಲಿ ಪೂರ್ಣವಾಗಬೇಕೆಂಬುದೇ ಇದರ ತಾತ್ಪರ್ಯ. ಈ ಎರಡು ವ್ರತಗಳೂ ಒಂದೇ ಬಾಳಿನಲ್ಲಿ ಹೇಗೆ ಕೂಡಿಬರುತ್ತವೆಂಬುದನ್ನು ಅರಿಯಬಯಸುವವರು ಸಾವಿರ ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತ್ರೆಯನ್ನು ನೋಡಬೇಕು.

ಅತ್ತಿಮಬ್ಬೆಯ ಪೂರ್ವಿಕರು ವೆಂಗಿನಾಡಿನವರು. ಕೌಂಡಿನ್ಯ ಗೋತ್ರದ ನಾಗಮಯ್ಯನು ಜಿನಧರ್ಮವನ್ನು ಅವಲಂಬಿಸಿದವನು. ಅವನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಈ ಸೋದರರು ಶಸ್ತ್ರದಲ್ಲಿಯೂ ಶಾಸ್ತ್ರದಲ್ಲಿಯೂ ನಿಪುಣರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಇವರೇ. ಮಲ್ಲಪಯ್ಯನಿಗೆ ಅಪ್ಪಕಬ್ಬೆಯಲ್ಲಿ ಜನಿಸಿದ ಮಗಳು ಅತ್ತಿಮಬ್ಬೆ. ಅವಳ ತಂಗಿ ಗುಂಡಮಬ್ಬೆ. ಕಾವ್ಯವೂ ಧರ್ಮವೂ ನಿತ್ಯದ ಮಾತಾಗಿದ್ದ ಇಂತಹ ಮನೆಯಲ್ಲಿ ಆಕೆ ಬೆಳೆದಳು.

973ರಲ್ಲಿ ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿ ಎರಡನೆಯ ತೈಲಪನು ಚಾಲುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದನು. ಅವನ ಮಂತ್ರಿಗಳಲ್ಲಿ ಧಲ್ಲಪನು ಪ್ರಮುಖ. ಧಲ್ಲಪನ ಮಗನೂ ವೀರ ಸೇನಾನಿಯೂ ಆದ ನಾಗದೇವನಿಗೆ ಅಕ್ಕತಂಗಿಯರಿಬ್ಬರನ್ನೂ ಕೊಟ್ಟು ವಿವಾಹವಾಯಿತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಹುಟ್ಟಿದನು. ತವರುಮನೆ, ಅತ್ತೆಯ ಮನೆಗಳೆರಡೂ ದಂಡನಾಯಕರ ಮನೆಗಳೇ. ದಂಡಿನೊಡನೆ ಬಂದು ಹೋಗುವವರು, ಆಶ್ರಯ ಬೇಡುವವರು, ಪಂಡಿತರು, ಕವಿಗಳು, ವ್ರತಿಗಳು—ಇವರೆಲ್ಲರ ನಡುವೆ ಆಕೆಯ ಗೃಹಿಣೀಧರ್ಮವು ಸಾಗಿತು. ಸೇನೆಯ ಬೀಡನ್ನೇ ಪವಿತ್ರಗೊಳಿಸಿದವಳು ಎಂಬ ಅರ್ಥದಲ್ಲಿ ಕಟಕಪವಿತ್ರೆಯೆಂಬ ಬಿರುದು ಆಕೆಗೆ ಸಂದಿರುವುದನ್ನು ನೋಡಿದರೆ, ಆ ಮನೆಯೊಡತಿಯ ಸೌಜನ್ಯವು ಅಂತಃಪುರದ ಗೋಡೆಗಳೊಳಗೆ ನಿಂತಿರಲಿಲ್ಲವೆಂಬುದು ವಿದಿತವಾಗುತ್ತದೆ.

ಈ ತುಂಬಿದ ಸಂಸಾರಕ್ಕೆ ಬೇಗನೆ ಸಿಡಿಲೆರಗಿತು. ನಾಗದೇವನು ಅಕಾಲದಲ್ಲಿ ಮರಣಹೊಂದಿದನು. ತಂಗಿ ಗುಂಡಮಬ್ಬೆಯು ಪತಿಯೊಡನೆ ಸಹಗಮನ ಮಾಡಿದಳು. ಒಂದೇ ದುಃಖದಲ್ಲಿ ಗಂಡನನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆ ಎರಡು ದಾರಿಗಳಿದ್ದವು. ಲೋಕವು ಅಂದು ಹೊಗಳುತ್ತಿದ್ದುದು ತಂಗಿಯ ದಾರಿಯನ್ನು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೆಟ್ಟದಿಂದ ಬೀಳುವುದನ್ನೂ ಬೆಂಕಿಯನ್ನು ಹೊಗುವುದನ್ನೂ ಪುಣ್ಯವೆಂದು ಬಗೆಯುವುದು ಲೋಕಮೂಢತೆಯೆಂದು ಸ್ಪಷ್ಟವಾಗಿ ಹೇಳಿದ್ದಾರೆ. ದೇಹವು ಸುಟ್ಟಮಾತ್ರಕ್ಕೆ ಕರ್ಮವು ಸುಡುವುದಿಲ್ಲ. ಕರ್ಮನಿರ್ಜರೆಗೆ ಸಾಧನವಾದುದು ತಪಸ್ಸು, ಆ ತಪಸ್ಸಿಗೆ ಸಾಧನವಾದುದು ಈ ಮಾನವದೇಹ. ಅತ್ತಿಮಬ್ಬೆಯು ಬದುಕುವ ದಾರಿಯನ್ನು ಆರಿಸಿಕೊಂಡಳು. ಜಿನಧರ್ಮದಲ್ಲಿ ದೃಢಳಾಗಿ, ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ, ಎಳೆಯ ಮಗನನ್ನು ಬೆಳೆಸುವ ಹೊಣೆಯನ್ನು ಹೊತ್ತಳು. ತಂಗಿಯ ನಿಷ್ಠೆಯನ್ನು ಇಲ್ಲಿ ಹಳಿಯಬೇಕಾದುದಿಲ್ಲ. ಅಕ್ಕನು ಹಿಡಿದ ದಾರಿಯು ಹೆಚ್ಚು ಕಠಿನವಾದುದೆಂಬುದನ್ನು ತಿಳಿದರೆ ಸಾಕು. ಚಿತೆಯು ಒಂದು ದಿನದ ಉರಿ. ವ್ರತವು ಪ್ರತಿದಿನವೂ ಹೊಸದಾಗಿ ಹಿಡಿಯಬೇಕಾದ ಸಂಕಲ್ಪ.

ವೈಧವ್ಯದ ನೆಪದಿಂದ ಆಕೆ ಮನೆಯ ಬಾಗಿಲನ್ನು ಮುಚ್ಚಲಿಲ್ಲ. ತನ್ನ ಭೋಗಕ್ಕೆ ಮಿತಿಯನ್ನು ಹಾಕಿಕೊಂಡಂತೆಲ್ಲ ಪರರಿಗೆ ಕೊಡುವ ಕೈಗೆ ಮಿತಿಯಿಲ್ಲವಾಯಿತು. ಪರಿಗ್ರಹಪರಿಮಾಣವೆಂಬ ಅಣುವ್ರತದ ಸಾರವೇ ಇದು. ರತ್ನಗಳಿಂದಲೂ ಸುವರ್ಣದಿಂದಲೂ 1,500 ಜಿನಪ್ರತಿಮೆಗಳನ್ನು ಮಾಡಿಸಿ, ಘಂಟೆ, ದೀಪಮಾಲೆ ಮೊದಲಾದ ಪೂಜೋಪಕರಣಗಳೊಡನೆ ದಾನಮಾಡಿದಳೆಂದು ಪ್ರಸಿದ್ಧಿಯಿದೆ. ಬೇಡಿದುದನ್ನು ಕೊಡುವ ಚಿಂತಾಮಣಿ ರತ್ನಕ್ಕೆ ಹೋಲಿಸಿ ಜನರು ಆಕೆಯನ್ನು ದಾನಚಿಂತಾಮಣಿಯೆಂದು ಕರೆದರು.

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಅತ್ತಿಮಬ್ಬೆಯ ಶಾಸ್ತ್ರದಾನವು ಅಪೂರ್ವವಾದುದು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣದ ಪ್ರತಿಗಳು ವಿರಳವಾಗತೊಡಗಿದಾಗ ಆಕೆ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಇದು ಎಷ್ಟು ದೊಡ್ಡ ಕಾರ್ಯವೆಂಬುದನ್ನು ಯೋಚಿಸಬೇಕು. ತಾಳೆಗರಿಗಳನ್ನು ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೊಡೆದು, ಹಲಗೆಗಳ ನಡುವೆ ದಾರದಲ್ಲಿ ಪೋಣಿಸಬೇಕು. ಶಾಂತಿಪುರಾಣವು ಹನ್ನೆರಡು ಆಶ್ವಾಸಗಳ ದೊಡ್ಡ ಚಂಪೂಕಾವ್ಯ. ಅದನ್ನು ಸಾವಿರ ಬಾರಿ ಬರೆಯಿಸಬೇಕಾದರೆ ಎಷ್ಟು ಲಿಪಿಕಾರರಿಗೆ, ಎಷ್ಟು ಕಾಲ ಅನ್ನಾಶ್ರಯಗಳನ್ನು ಕೊಡಬೇಕಾಗಿತ್ತೋ! ಓದುವವರಿಗೆ ದೊರೆತುದು ಶಾಸ್ತ್ರದಾನ. ಬರೆಯುವವರಿಗೆ ದೊರೆತುದು ಆಹಾರದಾನ.

ಕವಿಗಳಿಗೆ ಆ ಮನೆಯು ತವರಾಗಿತ್ತು. ಕವಿರತ್ನ ರನ್ನನು ಮುದುವೊಳಲಿನ, ಎಂದರೆ ಈಗಿನ ಮುಧೋಳದ, ಬಳೆಗಾರರ ಕುಲದಲ್ಲಿ ಹುಟ್ಟಿದವನು. ವಿದ್ಯೆಯನ್ನರಸುತ್ತ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ಓದಿ, ಚಾವುಂಡರಾಯನ ಆಶ್ರಯವನ್ನು ಪಡೆದು, ತರುವಾಯ ಚಾಲುಕ್ಯರ ಆಸ್ಥಾನಕ್ಕೆ ಬಂದನು. ಅತ್ತಿಮಬ್ಬೆಯು ಕುಲವನ್ನು ನೋಡದೆ ಗುಣವನ್ನು ನೋಡಿದಳು. ಆಕೆಯ ಪ್ರೇರಣೆಯಿಂದ ಅವನು 993ರಲ್ಲಿ ಎರಡನೆಯ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವನ್ನು ರಚಿಸಿ, ಅದರಲ್ಲಿ ಆಕೆಯ ವಂಶವನ್ನೂ ಶೀಲವನ್ನೂ ಹಾಡಿಹೊಗಳಿದನು. ಅಷ್ಟರಿಂದಲೇ ಅವನ ಕೃತಜ್ಞತೆ ತೀರಲಿಲ್ಲ. ತನ್ನ ಮಗನಿಗೆ ಚಾವುಂಡರಾಯನ ನೆನಪಿಗಾಗಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕಾವ್ಯದ ಸ್ತುತಿಯಲ್ಲಿ ಅತಿಶಯವಿರಬಹುದು. ಆದರೆ ತೊಟ್ಟಿಲ ಕೂಸಿಗೆ ಇಡುವ ಹೆಸರಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರುವುದಿಲ್ಲ.

ಉಪವಾಸವ್ರತದ ದೃಷ್ಟಿಯಿಂದ ಅತ್ತಿಮಬ್ಬೆಯ ಬೆಳ್ಗೊಳಯಾತ್ರೆಯು ವಿಶೇಷವಾಗಿ ಸ್ಮರಣೀಯವಾದುದು. ಗಂಗವಾಡಿಯು ಮೊದಲಿನಿಂದಲೂ ಜಿನಾಲಯಗಳ ನಾಡು. ಈಗಿನ ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಮಾನ್ಯಪುರವಾಗಿದ್ದ ಕಾಲದಲ್ಲಿ, 797ರಷ್ಟು ಹಿಂದೆಯೇ, ಸೇನಾನಿ ಶ್ರೀವಿಜಯನು ಅಲ್ಲಿ ಜಿನಮಂದಿರವನ್ನು ಕಟ್ಟಿಸಿದ್ದನು. ಅದೇ ಗಂಗರ ಮಂತ್ರಿಯಾದ ಚಾವುಂಡರಾಯನು 981ರಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಾಹುಬಲಿಸ್ವಾಮಿಯ ಮಹಾಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಆ ಸ್ವಾಮಿಯ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ಅತ್ತಿಮಬ್ಬೆಯು ಪ್ರತಿಜ್ಞೆಮಾಡಿ ಹೊರಟಳು. ಉಪವಾಸದಿಂದಲೂ ಮಾರ್ಗಾಯಾಸದಿಂದಲೂ ಬಳಲಿ ಬೆಟ್ಟವನ್ನೇರಿದ ಆ ಭಕ್ತೆಯ ಶ್ರಮವನ್ನು ಪರಿಹರಿಸುವಂತೆ ಅಕಾಲದಲ್ಲಿ ಮಳೆ ಸುರಿಯಿತೆಂದು ರನ್ನನು ವರ್ಣಿಸಿದ್ದಾನೆ. ಆಕೆಯ ಶೀಲದ ಮಹಿಮೆಯಿಂದ ಗೋದಾವರಿಯ ಪ್ರವಾಹವೇ ನಿಂತಿತೆಂಬ ಐತಿಹ್ಯವೂ ಇದೆ. ಇಂತಹ ಅತಿಶಯಗಳನ್ನು ನಂಬುವವರು ನಂಬಲಿ. ನಂಬದವರೂ ಒಂದನ್ನು ಗಮನಿಸಬೇಕು. ಐಶ್ವರ್ಯವಂತಳಾದ ದಂಡನಾಯಕನ ಮಡದಿಯು ಯಾತ್ರೆಯನ್ನು ವೈಭವದ ಮೆರವಣಿಗೆಯನ್ನಾಗಿ ಮಾಡದೆ ಉಪವಾಸವನ್ನಾಗಿ ಮಾಡಿದಳು. ಮಳೆಯನ್ನು ಆಕೆ ಬೇಡಲಿಲ್ಲ. ದರ್ಶನವನ್ನು ಮಾತ್ರ ಬಯಸಿದಳು. ಫಲಾಪೇಕ್ಷೆಯಿಂದ ಕೂಡಿದ ವ್ರತವು ನಿದಾನವೆಂಬ ಶಲ್ಯದಿಂದ ಕೆಡುತ್ತದೆ. ನಿಃಶಲ್ಯನಾದವನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ.

ಮಗನು ಬೆಳೆದು ಪಡೆವಳ ತೈಲನೆಂದು ಹೆಸರಾದನು. ತೈಲಪನ ತರುವಾಯ 997ರಲ್ಲಿ ಪಟ್ಟಕ್ಕೆ ಬಂದ ಇರಿವಬೆಡಂಗ ಸತ್ಯಾಶ್ರಯನ ಕಾಲದಲ್ಲಿಯೂ ಅತ್ತಿಮಬ್ಬೆಯ ಗೌರವವು ಕುಂದಲಿಲ್ಲ. ಲೊಕ್ಕಿಗುಂಡಿಯಲ್ಲಿ, ಎಂದರೆ ಈಗಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಆಕೆ ಕಟ್ಟಿಸಿದ ಬಸದಿಯು ಬ್ರಹ್ಮಜಿನಾಲಯವೆಂದು ಪ್ರಸಿದ್ಧವಾಗಿದೆ. 1007ರ ಶಾಸನವು ಆಕೆಯ ದಾನಧರ್ಮಗಳನ್ನು ವಿಸ್ತಾರವಾಗಿ ಕೊಂಡಾಡುತ್ತದೆ. ಬಳಪದ ಕಲ್ಲಿನ ಆ ಬಸದಿಯ ಮಂಟಪದಲ್ಲಿ ಚತುರ್ಮುಖ ಬ್ರಹ್ಮನ ಸುಂದರಮೂರ್ತಿಯನ್ನು ಇಂದಿಗೂ ಕಾಣಬಹುದು. ಗುಣದಂಕಕಾರ್ತಿ, ಜೈನಶಾಸನರಕ್ಷಾಮಣಿ, ಸಜ್ಜನೈಕಚೂಡಾಮಣಿ ಎಂಬ ಬಿರುದುಗಳು ಆಕೆಗೆ ಸಂದವು. ಕರ್ನಾಟಕ ಸರ್ಕಾರವು ಲೇಖಕಿಯರಿಗೆ ಕೊಡಮಾಡುವ ಪ್ರಶಸ್ತಿಯೊಂದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನೇ ಇಟ್ಟಿದೆ.

ಮನೆಮನೆಯಲ್ಲಿಯೂ ಒಬ್ಬ ಹಿರಿಯ ತಾಯಿ ಇರುತ್ತಾಳೆ. ಅಷ್ಟಮಿಯ ದಿನ ತಾನು ಉಪವಾಸವಿದ್ದು ಮಕ್ಕಳಿಗೆ ಬಡಿಸುವವಳು, ಬಂದವರನ್ನು ಬರಿಗೈಯಲ್ಲಿ ಕಳುಹಿಸದವಳು, ದುಃಖವನ್ನು ನುಂಗಿಕೊಂಡು ನಗುಮೊಗದಿಂದ ಮನೆಯನ್ನು ನಡೆಸಿದವಳು. ಅಂತಹ ತಾಯಂದಿರ ಹೆಸರು ಶಾಸನಗಳಲ್ಲಿ ಬರುವುದಿಲ್ಲ; ಆದರೆ ಅವರು ನಡೆದುದು ಅತ್ತಿಮಬ್ಬೆಯು ನಡೆದ ದಾರಿಯಲ್ಲಿಯೇ. ಪರ್ವದಿನಗಳಲ್ಲಿ ಉಪವಾಸವನ್ನು ಕೈಗೊಳ್ಳುವ ಶ್ರಾವಕ ಶ್ರಾವಕಿಯರು ಅಂದು ಉಳಿದ ಅನ್ನವನ್ನು ಹಸಿದವರಿಗೆ ಮುಟ್ಟಿಸಿ, ಒಂದು ಶಾಸ್ತ್ರಗ್ರಂಥವನ್ನು ಓದಬಲ್ಲವರ ಕೈಗೆ ಕೊಟ್ಟರೆ, ಅದೇ ಆ ಮಹಾತಾಯಿಗೆ ಸಲ್ಲಿಸುವ ಯೋಗ್ಯವಾದ ಗೌರವ.