ದಾರಿ ಮುಚ್ಚಿದಾಗಲೂ ನಡೆದರು: ಗೋವಾದ ಸಂತ ಜೋಸೆಫ್ ವಾಜ್ ಬದುಕು

ಪಾರಿಶ್ವಾಡ: ಪಾರಿಶ್ವಾಡದಿಂದ ಖಾನಾಪುರ, ಲೋಂಡಾ ದಾಟಿ ಘಟ್ಟ ಇಳಿದರೆ ಗೋವಾ. ಅದೇ ಘಟ್ಟ ಹತ್ತಿ ಮೇಲೆ ಬಂದು ಖಾನಾಪುರ, ಬೆಳಗಾವಿ ಕಡೆ ನೆಲೆ ನಿಂತ ಕೊಂಕಣಿ ಮಾತಾಡೋ ಕ್ರೈಸ್ತ ಕುಟುಂಬಗಳಿಗೆ ಜೋಸೆಫ್ ವಾಜ್ ಹೆಸರು ಹೊಸದಲ್ಲ. ಕಥೋಲಿಕ ಸಭೆ ಪ್ರತಿ ವರ್ಷ ಜನವರಿ 16ರಂದು ಅವರ ಹಬ್ಬ ಆಚರಿಸುತ್ತದೆ. ಆದ್ರೆ ಈ ಸಂತರು ಮೂರು ವರ್ಷ ಕನ್ನಡ ಕರಾವಳಿಯಲ್ಲಿ ಬರಿಗೈಲಿ ದುಡಿದಿದ್ದರು, ಅಲ್ಲಿಗೂ ತಾವಾಗಿಯೇ ಆರಿಸಿಕೊಂಡು ಹೋದವರಲ್ಲ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ದಕ್ಷಿಣ ಗೋವಾದ ಬಾಣಾವಲಿಯಲ್ಲಿ. ಅದು ತಾಯಿ ಮರಿಯಾ ಅವರ ತವರೂರು. ತಂದೆ ಕ್ರಿಸ್ತೊವಾಂವ್ ಅವರ ಊರು ಸಾಂಕವಾಳ. ಹುಡುಗ ಓದಿನಲ್ಲಿ ಚುರುಕು. ಗೋವಾ ನಗರದಲ್ಲಿ ಓದು ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಆ ಕಾಲಕ್ಕೆ ಗೋವಾ ಪೋರ್ಚುಗೀಸರ ಕೈಲಿತ್ತು. ಸ್ಥಳೀಯರು ಗುರುಗಳಾಗಬಹುದಿತ್ತು, ಆದ್ರೆ ಯುರೋಪಿನ ಸನ್ಯಾಸಿ ಸಭೆಗಳ ಬಾಗಿಲು ಅವರಿಗೆ ತೆರೆಯೋದು ಕಷ್ಟವಿತ್ತು.

ಕೇಳಿದ್ದು ಲಂಕೆ, ಸಿಕ್ಕಿದ್ದು ಕೆನರಾ

ಅದೇ ಹೊತ್ತಿಗೆ ಶ್ರೀಲಂಕಾದಿಂದ ಕೆಟ್ಟ ಸುದ್ದಿ ಬರ್ತಾ ಇತ್ತು. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಪೂರ್ತಿ ಹೊರಗಟ್ಟಿದ್ದರು. ಕಥೋಲಿಕ ಗುರುಗಳು ಕಾಲಿಡುವಂತಿರಲಿಲ್ಲ. ಅವರಿಗೆ ಆಸರೆ ಕೊಟ್ಟವರಿಗೂ ಕಠಿಣ ಶಿಕ್ಷೆ. ಅಲ್ಲಿನ ಭಕ್ತರು ಗುರುಗಳಿಲ್ಲದೆ, ಪೂಜೆಯಿಲ್ಲದೆ ವರ್ಷಾನುಗಟ್ಟಲೆ ಕಳೆದಿದ್ದರು.

ವಾಜ್ ಅವರ ಮನಸ್ಸು ಅತ್ತ ಎಳೀತಿತ್ತು. ತಮ್ಮನ್ನು ಲಂಕೆಗೆ ಕಳಿಸಿ ಅಂತ ಬೇಡಿಕೊಂಡರು. ಸಭೆಯ ಹಿರಿಯರು ಒಪ್ಪದೆ 1681ರಲ್ಲಿ ಕೆನರಾಕ್ಕೆ ಹೋಗಲು ಅಪ್ಪಣೆ ಕೊಟ್ಟರು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ವಾಜ್ ಎದುರು ಮಾತಾಡದೆ ಹೊರಟರು. ಹಿರಿಯರ ಅಪ್ಪಣೆಯಲ್ಲೂ ದೇವರ ಕೈ ಇದೆ ಅನ್ನೋದು ಅವರ ನಂಬಿಕೆಯಾಗಿತ್ತು.

ಆಗ ಕೆನರಾ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಕಿತ್ತೂರಿನ ಚೆನ್ನಮ್ಮನಿಗಿಂತ ನೂರು ವರ್ಷಕ್ಕೂ ಹೆಚ್ಚು ಹಿಂದಿನವರು ಈಕೆ. ಅಲ್ಲಿನ ಕ್ರೈಸ್ತರಲ್ಲಿ ಎರಡು ಬಣ. ಪೋರ್ಚುಗಲ್ ರಾಜರ ಹಕ್ಕಿನಡಿ ನಡೆಯುವ ಗುರುಗಳದು ಒಂದು, ರೋಮ್ ನೇರವಾಗಿ ನೇಮಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರದು ಇನ್ನೊಂದು. ಯಾರ ಮಾತು ಕೇಳಬೇಕು ಅಂತ ತಿಳಿಯದೆ ಜನ ಕಂಗಾಲಾಗಿದ್ದರು. ವಾಜ್ ಜಗಳಕ್ಕೆ ತುಪ್ಪ ಸುರಿಯಲಿಲ್ಲ. ಬಿಷಪ್ ಜೊತೆ ಗೌರವದಿಂದ ನಡೆದುಕೊಂಡು ಎರಡೂ ಕಡೆಯವರನ್ನು ಸಮಾಧಾನಕ್ಕೆ ತಂದರು. ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿ ಕಡೆಯೆಲ್ಲ ಓಡಾಡಿ ಹಾಳುಬಿದ್ದ ಚರ್ಚುಗಳನ್ನು ಎತ್ತಿ ನಿಲ್ಲಿಸಿದರು. ಮಕ್ಕಳಿಗೆ ಶಾಲೆ ತೆರೆದರು. ಗುಲಾಮಗಿರಿಗೆ ಬಿದ್ದವರನ್ನು ಹಣ ಕೊಟ್ಟು ಬಿಡಿಸಿದರು. ಮಂಗಳೂರು ಸಮೀಪದ ಮುಡಿಪುವಿನಲ್ಲಿ ಇವತ್ತಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವಾಕ್ಕೆ ವಾಪಸಾದರು. ಮರುವರ್ಷ ಹಳೇ ಗೋವಾದಲ್ಲಿ ಸ್ಥಳೀಯ ಗುರುಗಳು ಕಟ್ಟಿಕೊಂಡಿದ್ದ ಚಿಕ್ಕ ಬಳಗ ಸೇರಿ ಅದನ್ನು ಒರೆಟರಿ ಸಭೆಯಾಗಿ ಬೆಳೆಸಿದರು. ಮುಂದೆ ಲಂಕೆಗೆ ಗುರುಗಳನ್ನು ಕಳಿಸಿದ್ದು ಇದೇ ಸಭೆ. ಮೊದಲೇ ಲಂಕೆಗೆ ಹೋಗಿದ್ದರೆ ವಾಜ್ ಬೆನ್ನಿಗೆ ಯಾರೂ ಇರ್ತಿರಲಿಲ್ಲ.

ಬರಿಗಾಲಲ್ಲಿ ಲಂಕೆಗೆ

1686ರಲ್ಲಿ ಕೊನೆಗೂ ಅಪ್ಪಣೆ ಸಿಕ್ಕಿತು. ವಾಜ್ ಬರಿಗಾಲಲ್ಲಿ ಹೊರಟರು. ಜೊತೆಗಿದ್ದ ಸೇವಕ ಹುಡುಗನ ಹೆಸರು ಜುವಾಂವ್. ಮತ್ತೆ ಕೆನರಾ ಹಾದು, ಕೇರಳ ದಾಟಿ ತೂತುಕುಡಿ ತಲುಪಿದರು. ಅಲ್ಲಿಂದ ಗುರುವಿನ ನಿಲುವಂಗಿ ಬಿಟ್ಟು ಕೂಲಿಯವನ ವೇಷ ತೊಟ್ಟು, 1687ರಲ್ಲಿ ಹಡಗು ಹತ್ತಿ ಲಂಕೆ ಸೇರಿದರು.

ಕಾಲಿಟ್ಟ ಕೂಡ್ಲೇ ಕಷ್ಟ ಶುರುವಾಯಿತು. ಸಮುದ್ರದಲ್ಲಿ ಬಿರುಗಾಳಿ, ಹಸಿವು. ಜಾಫ್ನಾ ತಲುಪುವಷ್ಟರಲ್ಲಿ ಇಬ್ಬರಿಗೂ ರಕ್ತಭೇದಿ. ರೋಗ ಅಂಟೀತು ಅಂತ ಹೆದರಿದ ಜನ ಇಬ್ಬರನ್ನೂ ಊರ ಹೊರಗೆ ಹಾಕಿದರು. ಆಗ ಒಬ್ಬ ಬಡ ಹೆಣ್ಣುಮಗಳು ಗಂಜಿ ತಂದುಕೊಟ್ಟು ಜೀವ ಉಳಿಸಿದಳು. ಇಷ್ಟು ವರ್ಷ ಕಾದು ಬಂದವರು, ಒಂದು ಪೂಜೆಯನ್ನೂ ನಡೆಸದೆ ಕಾಡಿನಂಚಿನಲ್ಲಿ ಮಲಗಿದ್ದರು. ದೇವರು ದಾರಿ ತೋರಿಸ್ತಾನೆ ಅಂತ ನಂಬಿದವರಿಗೆ ಇಂಥ ಹೊತ್ತು ಬಹಳ ಕಠಿಣ. ವಾಜ್ ಹಿಂದಿರುಗೋ ಮಾತು ಎತ್ತಲಿಲ್ಲ.

ಮೈ ಚೇತರಿಸಿದ ಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಮಾಲೆ ನೋಡಿ ಯಾರ ಮುಖದಲ್ಲಿ ಬೆಳಕು ಕಾಣುತ್ತೋ, ಅವರು ಗುಟ್ಟಾಗಿ ನಂಬಿಕೆ ಉಳಿಸಿಕೊಂಡವರು. ಹೀಗೆ ಒಂದೊಂದೇ ಮನೆ ಗುರುತಾಯಿತು. ರಾತ್ರಿ ಹೊತ್ತು ಪೂಜೆ, ಬೆಳಗಾಗುವ ಮುಂಚೆ ಜಾಗ ಖಾಲಿ. 1689ರ ಕ್ರಿಸ್‌ಮಸ್ ರಾತ್ರಿ ಡಚ್ಚರು ದಾಳಿ ಮಾಡಿದರು. ವಾಜ್ ತಪ್ಪಿಸಿಕೊಂಡರು, ಸೇರಿದ್ದ ಭಕ್ತರು ಸೆರೆಸಿಕ್ಕಿ ಹಿಂಸೆ ಉಂಡರು. ಜಾಫ್ನಾದ ಬಾಗಿಲೂ ಮುಚ್ಚಿತು.

ಸೆರೆಮನೆಯೇ ಪಾಠಶಾಲೆ

ಅಲ್ಲಿಂದ ಪುತ್ತಳಂಗೆ ಹೋಗಿ, 1692ರಲ್ಲಿ ಕ್ಯಾಂಡಿ ಮುಟ್ಟಿದರು. ಡಚ್ಚರ ಕೈ ಸೇರದ, ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯನ ರಾಜ್ಯ ಅದು. ಅಲ್ಲಾದರೂ ನೆಮ್ಮದಿ ಸಿಗಬಹುದಿತ್ತು. ಆದ್ರೆ ಇವರು ಪೋರ್ಚುಗೀಸರ ಗೂಢಚಾರ ಅಂತ ಆಸ್ಥಾನಕ್ಕೆ ಚಾಡಿ ಹೋಯಿತು. ಹೋದ ಕೂಡ್ಲೇ ಸೆರೆ. ವಾಜ್ ಆ ದಿನಗಳನ್ನು ವ್ಯರ್ಥ ಮಾಡಲಿಲ್ಲ. ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದಂತೆ ಸೆರೆಯಲ್ಲೇ ಚಿಕ್ಕ ಗುಡಿಸಲು ಕಟ್ಟಿ ಪೂಜೆ ಶುರುಮಾಡಿದರು, ಭಕ್ತರು ಅಲ್ಲಿಗೇ ಬರತೊಡಗಿದರು.

ಮುಂದೆ ಕ್ಯಾಂಡಿಯಲ್ಲಿ ಭೀಕರ ಬರ ಬಿತ್ತು. ಅರಸ ಮಳೆಗಾಗಿ ಪ್ರಾರ್ಥಿಸಲು ವಾಜ್ ಅವರಿಗೂ ಹೇಳಿಕಳಿಸಿದ. ಬಯಲಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದಾಗ ಮಳೆ ಸುರಿಯಿತು, ಅವರು ಮೊಣಕಾಲೂರಿದ್ದ ಜಾಗ ಮಾತ್ರ ಒಣಗೇ ಇತ್ತು ಅಂತ ಭಕ್ತರ ಪರಂಪರೆ ಹೇಳುತ್ತದೆ. ಆಮೇಲೆ ಅರಸ ಅವರಿಗೆ ರಾಜ್ಯದಲ್ಲಿ ಓಡಾಡಲು ಬಿಟ್ಟ.

1697ರಲ್ಲಿ ಸಿಡುಬು ಬಂತು. ಅರಸ ಊರು ಬಿಟ್ಟ, ಉಳ್ಳವರು ಓಡಿದರು, ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟರು. ಒಂದು ಕಾಲಕ್ಕೆ ತಾವೇ ಊರ ಹೊರಗೆ ಬಿದ್ದಿದ್ದ ವಾಜ್, ಗೋವಾದಿಂದ ಬಂದಿದ್ದ ಸೋದರಳಿಯ ಜೋಸೆಫ್ ಕಾರ್ವಾಲೊ ಜೊತೆ ಆ ರೋಗಿಗಳ ಬಳಿ ಹೋದರು. ಉಣ್ಣಿಸಿದರು, ಗಾಯ ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮ ಅಂತ ಕೇಳಲಿಲ್ಲ. ಜಾಫ್ನಾದ ಆ ಗಂಜಿಯ ಋಣ ಹೀಗೆ ತೀರಿತು ಅನ್ನಬಹುದು.

ಕೊನೆವರೆಗೂ ಲಂಕೆಯಲ್ಲೇ

ಬಿಷಪ್ ಪದವಿ ಅರಸಿ ಬಂದಾಗಲೂ ಬೇಡ ಅಂದ ವಾಜ್, ಗೋವಾಕ್ಕೆ ಮತ್ತೆ ಬರಲೇ ಇಲ್ಲ. ದೇಹ ಸವೆದು, ಜ್ವರ, ಬಾವುಗಳಿಂದ ನರಳಿ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಅಷ್ಟರಲ್ಲಿ ಲಂಕೆಯ ಕ್ರೈಸ್ತ ಸಭೆ ಮತ್ತೆ ಬೇರು ಬಿಟ್ಟಿತ್ತು. 1995ರಲ್ಲಿ ಕೊಲಂಬೊದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ವಾಜ್ ಅವರಿಗೆ ಮುಂದಿನ ದಾರಿ ಪೂರ್ತಿ ಯಾವತ್ತೂ ಕಾಣಲಿಲ್ಲ. ನಂಬಿದ್ದಕ್ಕೆ ಕಷ್ಟ ಕಡಿಮೆಯಾಗಲೂ ಇಲ್ಲ. ರೋಗ, ಸೆರೆ, ಬರ, ಸಿಡುಬು ಎಲ್ಲವೂ ಬಂದವು. ಒಂದು ಬಾಗಿಲು ಮುಚ್ಚಿದರೆ, ನಿಂತ ಜಾಗದಲ್ಲಿ ಅವತ್ತು ಮಾಡಬೇಕಾದ ಕೆಲಸ ಏನು ಅಂತ ನೋಡಿ ಅದನ್ನು ಮಾಡಿದರು. ಕೆನರಾದಲ್ಲಿ ಜಗಳ ಬಿಡಿಸಿದ್ದು, ಸೆರೆಯಲ್ಲಿ ಭಾಷೆ ಕಲಿತದ್ದು, ಕಾಡಿನಲ್ಲಿ ಗಾಯ ತೊಳೆದದ್ದು ಎಲ್ಲ ಹಾಗೇ ಆದದ್ದು. ಮಳೆ ಕೈಕೊಟ್ಟ ವರ್ಷ, ಮನೆಯಲ್ಲಿ ಕಾಯಿಲೆ ಬಿದ್ದ ವರ್ಷ ದೇವರ ಮೇಲೆ ಭಾರ ಹಾಕಿ ಬದುಕು ನಡೆಸುವವರಿಗೆ, ಘಟ್ಟದ ಕೆಳಗಿನ ಈ ಗುರುವಿನ ಬದುಕು ದೂರದ್ದು ಅನಿಸಲಾರದು.