ಲೆಸ್ಟರ್ ಫ್ಲ್ಯಾಟ್

ಲೆಸ್ಟರ್ ರೇಮಂಡ್ ಫ್ಲ್ಯಾಟ್ (ಜೂನ್ 19, 1914 – ಮೇ 11, 1979) ಅಮೆರಿಕದ ಗಾಯಕ, ಗಿಟಾರ್ ವಾದಕ ಹಾಗೂ ಗೀತರಚನಕಾರರು. ಬ್ಲೂಗ್ರಾಸ್ ಎಂಬ ಸಂಗೀತ ಪ್ರಕಾರಕ್ಕೆ ರೂಪ ಕೊಟ್ಟವರಲ್ಲಿ ಇವರೂ ಒಬ್ಬರು. ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಅವರೊಡನೆ 1948ರಿಂದ 1969ರವರೆಗೆ ಕಟ್ಟಿ ನಡೆಸಿದ ‘ಫ್ಲ್ಯಾಟ್ ಅಂಡ್ ಸ್ಕ್ರಗ್ಸ್’ ಜೋಡಿಯಿಂದ ಇವರು ಪ್ರಸಿದ್ಧರಾದರು. ಬಾಬ್ ಡಿಲನ್ ಅವರ ಹಾಡುಗಳನ್ನು ಧ್ವನಿಮುದ್ರಿಸುವ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯವು ಈ ಜೋಡಿ ಒಡೆಯಲು ಕಾರಣವಾದ ಸಂಗತಿಗಳಲ್ಲಿ ಮುಖ್ಯವಾದುದು.

ಆರಂಭಿಕ ಜೀವನ

ಫ್ಲ್ಯಾಟ್ ಟೆನೆಸಿ ರಾಜ್ಯದ ಓವರ್ಟನ್ ಕೌಂಟಿಯಲ್ಲಿ ಜನಿಸಿದರು. ಹರೆಯದಲ್ಲಿಯೇ ಗಿರಣಿ ಕಾರ್ಮಿಕರಾದರು. ಅದೇ ಗಿರಣಿ ಬದುಕಿನ ನಡುವೆ ಗ್ಲ್ಯಾಡಿಸ್ ಸ್ಟೇಸಿ ಅವರನ್ನು ವಿವಾಹವಾದರು. ಸಂಗೀತವನ್ನೇ ವೃತ್ತಿಯಾಗಿಸಿಕೊಳ್ಳುವ ಪ್ರಯತ್ನ 1930ರ ದಶಕದ ಕೊನೆಯಲ್ಲಿ ವರ್ಜೀನಿಯಾದ ರೋನೋಕ್ ನಗರದ ರೇಡಿಯೋ ಕೇಂದ್ರದಲ್ಲಿ ಆರಂಭವಾಯಿತು. ಮುಂದೆ ದಂಪತಿಗಳಿಬ್ಬರೂ ಚಾರ್ಲಿ ಮನ್ರೋ ಅವರ ತಂಡದಲ್ಲಿ ಹಾಡಿದರು. ಅಲ್ಲಿ ಫ್ಲ್ಯಾಟ್ ನುಡಿಸುತ್ತಿದ್ದುದು ಗಿಟಾರ್ ಅಲ್ಲ, ಮ್ಯಾಂಡೊಲಿನ್.

ಬಿಲ್ ಮನ್ರೋ ತಂಡದಲ್ಲಿ

1945ರಲ್ಲಿ ಫ್ಲ್ಯಾಟ್ ಚಾರ್ಲಿಯ ತಮ್ಮ ಬಿಲ್ ಮನ್ರೋ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡಕ್ಕೆ ಗಿಟಾರ್ ವಾದಕರಾಗಿ, ಮುಖ್ಯ ಗಾಯಕರಾಗಿ ಸೇರಿದರು. ಅದೇ ವರ್ಷದ ಕೊನೆಯಲ್ಲಿ ಉತ್ತರ ಕ್ಯಾರೊಲಿನಾದ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳ ಬ್ಯಾಂಜೊ ವಾದನದೊಂದಿಗೆ ಬಂದು ಕೂಡಿಕೊಂಡರು. ಇಡೀ ಪ್ರಕಾರಕ್ಕೆ ಹೆಸರು ಬಂದದ್ದು ಈ ತಂಡದಿಂದಲೇ. ಮನ್ರೋ ಅವರ ಅತಿವೇಗದ ಲಯಕ್ಕೆ ಸರಿಗಟ್ಟಿ ಪ್ರತಿ ಚರಣದ ಕೊನೆಗೆ ತಾಳಕ್ಕೆ ಮರಳಲು ಫ್ಲ್ಯಾಟ್ ಬಳಸುತ್ತಿದ್ದ ಒಂದು ಸಣ್ಣ ಸ್ವರಗುಚ್ಛ ಇಂದಿಗೂ ಗಿಟಾರ್ ಕಲಿಯುವವರಲ್ಲಿ ಅವರ ಹೆಸರಿನಿಂದಲೇ ಪರಿಚಿತವಾಗಿದೆ. 1948ರಲ್ಲಿ ಇಬ್ಬರೂ ತಂಡವನ್ನು ಬಿಟ್ಟು ‘ಫಾಗಿ ಮೌಂಟನ್ ಬಾಯ್ಸ್’ ಕಟ್ಟಿದಾಗ ಮನ್ರೋ ಬಹಳ ನೊಂದುಕೊಂಡರು. ಆ ಬಳಿಕ ಎರಡು ದಶಕಗಳಿಗೂ ಹೆಚ್ಚು ಕಾಲ ಅವರಿಗೂ ಫ್ಲ್ಯಾಟ್ ಅವರಿಗೂ ಮಾತುಕತೆ ಇರಲಿಲ್ಲ.

ಜೋಡಿಯ ಏಳಿಗೆ

ಹೊಸ ತಂಡ ಮೊದಲು ಮರ್ಕ್ಯುರಿ, 1950ರಿಂದ ಕೊಲಂಬಿಯಾ ಸಂಸ್ಥೆಗಳಿಗೆ ಧ್ವನಿಮುದ್ರಣ ಮಾಡಿತು. 1953ರಲ್ಲಿ ಮಾರ್ಥಾ ವೈಟ್ ಹಿಟ್ಟಿನ ಕಂಪನಿಯ ಪ್ರಾಯೋಜಕತ್ವ ದೊರೆತು, ನ್ಯಾಶ್‌ವಿಲ್ ರೇಡಿಯೋದಲ್ಲಿ ಅವರ ಮುಂಜಾನೆಯ ಕಾರ್ಯಕ್ರಮ ಮೊದಲಾಯಿತು. 1955ರಲ್ಲಿ ಮನ್ರೋ ಅವರ ವಿರೋಧವಿದ್ದರೂ ಗ್ರಾಂಡ್ ಓಲ್ ಆಪ್ರಿಯ ಸದಸ್ಯತ್ವ ಸಿಕ್ಕಿತು. ತಂಡದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಅರ್ಲ್ ಅವರ ಪತ್ನಿ ಲೂಯಿಸ್ ಸ್ಕ್ರಗ್ಸ್, ಕಾಲೇಜುಗಳಲ್ಲೂ ಜಾನಪದ ಸಂಗೀತೋತ್ಸವಗಳಲ್ಲೂ ನಗರದ ಯುವ ಶ್ರೋತೃಗಳಿದ್ದಾರೆಂಬುದನ್ನು ಬೇಗನೆ ಗುರುತಿಸಿದರು. 1962ರ ಡಿಸೆಂಬರಿನಲ್ಲಿ ತಂಡ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿತು. ‘ದ ಬೆವರ್ಲಿ ಹಿಲ್‌ಬಿಲೀಸ್’ ದೂರದರ್ಶನ ಸರಣಿಯ ಶೀರ್ಷಿಕೆ ಗೀತೆ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಡಿಲನ್ ಹಾಡುಗಳು

1960ರ ದಶಕದ ನಡುವಿನ ಹೊತ್ತಿಗೆ ಡಿಲನ್ ಅವರ ಹಾಡುಗಳು ಕಂಟ್ರಿ ಗಾಯಕರನ್ನೂ ತಲುಪಿದ್ದವು. ಜಾನಿ ಕ್ಯಾಶ್ 1964ರಲ್ಲಿಯೇ ಅವುಗಳಲ್ಲೊಂದನ್ನು ಹಾಡಿ ಜನಪ್ರಿಯಗೊಳಿಸಿದರು. 1966ರಲ್ಲಿ ಡಿಲನ್ ಸ್ವತಃ ನ್ಯಾಶ್‌ವಿಲ್‌ಗೆ ಬಂದು ಧ್ವನಿಮುದ್ರಣ ಮಾಡಿದರು. ಡಿಲನ್ ಮತ್ತು ಕ್ಯಾಶ್ ಇಬ್ಬರಿಗೂ ನಿರ್ಮಾಪಕರಾಗಿದ್ದ ಬಾಬ್ ಜಾನ್‌ಸ್ಟನ್ ಅವರ ಕೈಗೇ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಕೂಡ ಬಂದರು. ‘ಚೇಂಜಿನ್ ಟೈಮ್ಸ್’ ಮತ್ತು ‘ನ್ಯಾಶ್‌ವಿಲ್ ಏರ್‌ಪ್ಲೇನ್’ (ಎರಡೂ 1968) ಸಂಪುಟಗಳಲ್ಲಿ ಡಿಲನ್ ರಚನೆಗಳೇ ಎದ್ದು ಕಾಣುತ್ತವೆ. ಅವುಗಳಲ್ಲಿ ‘ಡೌನ್ ಇನ್ ದ ಫ್ಲಡ್’ ಎಂಬುದನ್ನು ಡಿಲನ್ ತಮ್ಮ ಕಂಠದಲ್ಲಿ ಹೊರತಂದದ್ದು 1971ರಲ್ಲಿ, ಅಂದರೆ ಈ ಹಳ್ಳಿಗಾಡಿನ ತಂಡದ ನಂತರ.

ಅರ್ಲ್ ಸ್ಕ್ರಗ್ಸ್ ಅವರಿಗೆ ಇದು ಹಿಡಿಸಿತು. ಅವರ ಮಕ್ಕಳು ಹೊಸ ಸಂಗೀತದಲ್ಲಿ ಮುಳುಗಿದ್ದರು, ಅವರಿಗೂ ಹಳೆಯ ಹಾಡುಗಳ ಪುನರಾವರ್ತನೆ ಸಾಕಾಗಿತ್ತು. ಬ್ಯಾಂಜೊಗೆ ಪದಗಳ ಹಂಗಿಲ್ಲ; ಅದು ಯಾವ ರಾಗವನ್ನಾದರೂ ತನ್ನದಾಗಿಸಿಕೊಳ್ಳಬಲ್ಲದು. ಆದರೆ ಹಾಡಬೇಕಾದವರು ಫ್ಲ್ಯಾಟ್. ತವರು, ತಾಯಿ, ದೇವರು, ಕೈತಪ್ಪಿದ ಪ್ರೀತಿ ಇವುಗಳನ್ನು ನೇರ ಮಾತುಗಳಲ್ಲಿ, ಆತುರವಿಲ್ಲದ ದನಿಯಲ್ಲಿ ಹಾಡಿಕೊಂಡು ಬಂದವರಿಗೆ ಡಿಲನ್ನರ ಉದ್ದುದ್ದ ಸಾಲುಗಳೂ ಒಗಟಿನಂತಹ ಚಿತ್ರಗಳೂ ನಾಲಿಗೆಗೆ ಹೊಂದಲಿಲ್ಲ. ಡ್ರಮ್ ಮೊದಲಾದ ವಾದ್ಯಗಳು ಸೇರಿದ್ದೂ ಅವರಿಗೆ ಇಷ್ಟವಾಗಲಿಲ್ಲ. ವೇದಿಕೆಯ ಮೇಲೆ ಈ ಹಾಡುಗಳನ್ನು ಹಾಡಲು ಅವರಿಗೆ ಮನಸ್ಸಿರಲಿಲ್ಲ. ಈ ಧ್ವನಿಮುದ್ರಣಗಳನ್ನು ಇಂದು ಕೇಳುವವರಿಗೂ ವಾದ್ಯಗಳ ಲವಲವಿಕೆ ಮತ್ತು ಗಾಯಕರ ಹಿಂಜರಿಕೆಯ ನಡುವಿನ ಅಂತರ ತಿಳಿಯುತ್ತದೆ. ವಿಚಿತ್ರವೆಂದರೆ, ಅದೇ ದಿನಗಳಲ್ಲಿ ಅವರಿಗೆ ಅತಿಹೆಚ್ಚು ಹೊಸ ಕೇಳುಗರನ್ನು ತಂದುಕೊಟ್ಟದ್ದು ‘ಬಾನಿ ಅಂಡ್ ಕ್ಲೈಡ್’ (1967) ಚಲನಚಿತ್ರದಲ್ಲಿ ಬಳಕೆಯಾದ ‘ಫಾಗಿ ಮೌಂಟನ್ ಬ್ರೇಕ್‌ಡೌನ್’. ಅದು 1949ರ ಧ್ವನಿಮುದ್ರಣ.

ಬೇರ್ಪಡೆ

1969ರ ಆರಂಭದಲ್ಲಿ ಜೋಡಿ ಬೇರೆಯಾಯಿತು. ಹಣಕಾಸು ಮತ್ತು ನಿರ್ವಹಣೆಯ ಅಸಮಾಧಾನಗಳೂ ಇದರಲ್ಲಿ ಬೆರೆತಿದ್ದವು. ವಿಷಯ ನ್ಯಾಯಾಲಯಕ್ಕೂ ಹೋಗಿ, ತಂಡದ ಹಳೆಯ ಹೆಸರು ಯಾರ ಪಾಲಿಗೂ ಉಳಿಯಲಿಲ್ಲ. ಡಿಲನ್ ಹಾಡುಗಳಿದ್ದ ಮತ್ತೊಂದು ಸಂಪುಟ ‘ಫೈನಲ್ ಫ್ಲಿಂಗ್’ ಅವರು ಬೇರೆಯಾದ ಮೇಲೆ 1970ರಲ್ಲಿ ಬಿಡುಗಡೆಯಾಯಿತು. ಸ್ಕ್ರಗ್ಸ್ ಮಕ್ಕಳೊಂದಿಗೆ ‘ಅರ್ಲ್ ಸ್ಕ್ರಗ್ಸ್ ರೆವ್ಯೂ’ ಕಟ್ಟಿ ರಾಕ್ ಕಡೆಗೆ ಸಾಗಿದರು. ಫ್ಲ್ಯಾಟ್ ಹಳೆಯ ಸಂಗಡಿಗರಲ್ಲಿ ಹೆಚ್ಚಿನವರನ್ನು ಇಟ್ಟುಕೊಂಡು ‘ನ್ಯಾಶ್‌ವಿಲ್ ಗ್ರಾಸ್’ ಎಂಬ ಹೆಸರಿನಲ್ಲಿ ಹಳೆಯ ಶೈಲಿಗೇ ಮರಳಿದರು.

ಕೊನೆಯ ವರ್ಷಗಳು

1971ರಲ್ಲಿ ಇಂಡಿಯಾನಾದ ಬೀನ್ ಬ್ಲಾಸಮ್ ಉತ್ಸವದಲ್ಲಿ ಫ್ಲ್ಯಾಟ್ ಮತ್ತು ಬಿಲ್ ಮನ್ರೋ ರಾಜಿಯಾಗಿ ಒಟ್ಟಿಗೆ ಹಾಡಿದರು. 1972ರಲ್ಲಿ ಮಿಸಿಸಿಪಿಯ 13 ವರ್ಷದ ಹುಡುಗ ಮಾರ್ಟಿ ಸ್ಟುವರ್ಟ್ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮುಂದೆ ಆತ ಜಾನಿ ಕ್ಯಾಶ್ ತಂಡವನ್ನು ಸೇರಿ, ಬಳಿಕ ಸ್ವತಂತ್ರ ಗಾಯಕನಾಗಿ ಹೆಸರು ಮಾಡಿದನು. 1975ರಲ್ಲಿ ಫ್ಲ್ಯಾಟ್ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಆ ನಂತರವೂ ಅವರು ಪ್ರವಾಸವನ್ನು ಬಿಡಲಿಲ್ಲ.

ಸ್ಕ್ರಗ್ಸ್ ಅವರೊಡನೆ ಮಾತ್ರ ಹತ್ತು ವರ್ಷಗಳ ಕಾಲ ಬಹುಮಟ್ಟಿಗೆ ದೂರವೇ ಉಳಿದಿದ್ದರು. ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯಲ್ಲಿದ್ದಾಗ ಸ್ಕ್ರಗ್ಸ್ ಬಂದು ಅವರನ್ನು ಕಂಡರು. ಮತ್ತೆ ಜೊತೆಗೂಡಿ ಹಾಡುವ ಅವಕಾಶ ಒದಗಲಿಲ್ಲ. ಫ್ಲ್ಯಾಟ್ 1979ರ ಮೇ 11ರಂದು ನ್ಯಾಶ್‌ವಿಲ್‌ನಲ್ಲಿ ನಿಧನರಾದರು. ತಾವು ನೆಲೆಸಿ ದುಡಿದಿದ್ದ ಟೆನೆಸಿಯ ಸ್ಪಾರ್ಟಾ ಊರಿನಲ್ಲಿ ಅವರ ಸಮಾಧಿಯಿದೆ. 1985ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಇಬ್ಬರ ಹೆಸರನ್ನೂ ಜೋಡಿಯಾಗಿಯೇ ಸೇರಿಸಲಾಯಿತು.