ಗೂಡು ಅಲುಗಾಡಿಸಿ ನೋಡಿದ ಪಾಶ್ಚರ್

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಗೌರಿಬಿದನೂರಿನ ಪ್ರೌಢಶಾಲೆಯೊಂದರ ಎಂಟನೇ ತರಗತಿ, ಪಾಠ ಜೀವಕೋಶ. ಮೊದಲ ದಿನ ಹುಕ್, ಲೀವೆನ್‌ಹುಕ್, ಷ್ಲೈಡೆನ್, ಷ್ವಾನ್ ಎಂದು ಹೆಸರುಗಳನ್ನು ಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು, ಅಷ್ಟೇ. ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ, ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಲ್ಲ, ಅಲ್ಲಿ ಕಾಣುವುದೂ ಜೀವಕೋಶವೇನಾ ಮಿಸ್ ಎಂದು ಕೇಳಿದ.

ನಾನೂ ಶಿಡ್ಲಘಟ್ಟ ಕಡೆಯ ರೇಷ್ಮೆ ಮನೆಯವಳೇ. ಒಂದು ವರ್ಷ ಅಪ್ಪ ಅಗ್ಗಕ್ಕೆ ಸಿಕ್ಕಿತೆಂದು ಪರೀಕ್ಷೆಯಾಗದ ಮೊಟ್ಟೆ ತಂದರು. ಗಂಟು ರೋಗ ಬಂದು, ಮೂರನೇ ಜ್ವರದ ಹೊತ್ತಿಗೆ ಹುಳುವನ್ನೆಲ್ಲ ಗುಂಡಿಗೆ ಹಾಕಿ ಸುಟ್ಟಿದ್ದೆವು. ಆದರೂ ಹುಡುಗನಿಗೆ ಆಗಲೇ ಉತ್ತರ ಹೇಳಲು ನನಗೆ ಬರಲಿಲ್ಲ. ಮರುದಿನ ಪಾಠ ಯೋಜನೆ ಬದಲಿಸಿ ಲೂಯಿ ಪಾಶ್ಚರ್ ಅವರ ಜೀವನವನ್ನು ಹೇಳಿದೆ.

ಪಾಶ್ಚರ್ 1822ರಲ್ಲಿ ಫ್ರಾನ್ಸಿನ ದೋಲ್ ಊರಿನಲ್ಲಿ ಹುಟ್ಟಿದರು. ತಂದೆ ಚರ್ಮ ಹದ ಮಾಡುವವರು. ಮಗ ಓದಿದ್ದು ರಸಾಯನಶಾಸ್ತ್ರ. ಹುದುಗು ಬರಿಸುವುದು ಯೀಸ್ಟ್ ಎಂಬ ಜೀವಂತ ಕೋಶವೆಂದೂ, ಕುದಿಸಿದ ಸಾರಿನಲ್ಲಿ ಜೀವ ತಾನಾಗಿ ಹುಟ್ಟುವುದಿಲ್ಲವೆಂದೂ ತೋರಿಸಿ ಹೆಸರಾಗಿದ್ದರು. 1865ರಲ್ಲಿ ಅವರ ಗುರು ದ್ಯೂಮಾ, ದಕ್ಷಿಣದ ಆಲೆಸ್‌ಗೆ ಹೋಗಿ ಹುಳುವಿನ ರೋಗ ನೋಡಬೇಕೆಂದು ಕೇಳಿಕೊಂಡರು. ಅಲ್ಲಿ ಗೂಡಿನ ಇಳುವರಿ ಹನ್ನೆರಡು ವರ್ಷಗಳಲ್ಲಿ ಸುಮಾರು 2.6 ಕೋಟಿ ಕಿಲೊದಿಂದ 40 ಲಕ್ಷ ಕಿಲೊಗೆ ಕುಸಿದಿತ್ತು. ಪಾಶ್ಚರ್ ರೇಷ್ಮೆಹುಳುವನ್ನು ಮುಟ್ಟಿದವರೇ ಅಲ್ಲ. ಕೀಟತಜ್ಞ ಫಾಬ್ರ್ ಕೈಗಿತ್ತ ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೇನೋ ಇದೆಯಲ್ಲ ಎಂದು ಬೆರಗಾದರಂತೆ. ಇಲ್ಲಿ ಇಡೀ ತರಗತಿ ನಕ್ಕಿತು.

ಆ ವರ್ಷಗಳು ಸುಲಭದವಲ್ಲ. 1865ರಲ್ಲೇ ತಂದೆ ಹೋದರು, ಎರಡು ವರ್ಷದ ಮಗಳೂ ಹೋದಳು; ಮರುವರ್ಷ ಇನ್ನೊಬ್ಬ ಮಗಳು. ರೋಗದ ಹುಳುವಿನಲ್ಲಿ ಕಾಣುವ ಹೊಳೆಯುವ ಕಣಗಳು ರೋಗದಿಂದ ಹುಟ್ಟಿದವು, ಅವಕ್ಕೆ ಸ್ವಂತ ಜೀವವಿಲ್ಲ ಎಂದು ಅವರು ಮೊದಲು ನಂಬಿದ್ದರು. ಅದು ತಪ್ಪು. ಸಹಾಯಕರ ಪ್ರಯೋಗಗಳು ಎದುರಿಗೆ ಬಂದಾಗ ಆ ಮಾತನ್ನು ಬಿಟ್ಟರು. ನನಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲೇ. ಆ ಕಣ ಒಂದೇ ಕೋಶದ ಪರಾವಲಂಬಿಯ ಬೀಜಕ. ತಾಯಿಯಿಂದ ಮೊಟ್ಟೆಗೆ ದಾಟುತ್ತದೆ.

ಅವರು ರೂಢಿಗೆ ತಂದ ಉಪಾಯ ಸರಳ. ಒಂದೊಂದು ಚಿಟ್ಟೆಯ ಮೊಟ್ಟೆಯನ್ನೂ ಬೇರೆಬೇರೆ ಇಡಿಸಬೇಕು, ತಾಯಿಯನ್ನು ನೀರಿನಲ್ಲಿ ಅರೆದು ಒಂದು ಹನಿ ನೋಡಬೇಕು, ಕಣ ಕಂಡರೆ ಆ ಮೊಟ್ಟೆಯನ್ನು ಸುಡಬೇಕು. 1868ರಲ್ಲಿ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಆಗ ವಯಸ್ಸು 45. ಹೇಳಿ ಬರೆಸುತ್ತಾ ಕೆಲಸ ನಡೆಸಿ, 1870ರಲ್ಲಿ ರೇಷ್ಮೆ ರೋಗದ ಗ್ರಂಥ ಪ್ರಕಟಿಸಿದರು. ಹುಚ್ಚುನಾಯಿ ಕಡಿತದ ಲಸಿಕೆ ಬಂದದ್ದು ಆಮೇಲೆ, 1885ರಲ್ಲಿ. ತೀರಿಕೊಂಡದ್ದು 1895ರಲ್ಲಿ.

ಅವಧಿ ಮೀರಿದ್ದಕ್ಕೆ ನನಗೆ ಎರಡು ಅಂಕ ಹೋಯಿತು. ಜೀವಕೋಶದ ಚಿತ್ರ ಬರೆಯಲು ಹೇಳಿದಾಗ ಆ ಹುಡುಗ ಈರುಳ್ಳಿ ಸಿಪ್ಪೆಯ ಕೋಶದ ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ಕಣವನ್ನೂ ಬರೆದು, ಭಾಗ ಗುರುತಿಸಿ ತಂದಿದ್ದ.